ಖಿನ್ನತೆಗೆ ಗಿಡಮೂಲಿಕೆ ಸಾಕಾ?

ಸೌಮ್ಯ, ಮಧ್ಯಮ ಮಟ್ಟದ ಖಿನ್ನತೆಗೆ ಗಿಡಮೂಲಿಕೆ ಸಾಕಾ ಅಂತ ಕೇಳಿದ್ದೀರಿ. ಜಾಸ್ತಿ ಪುರಾವೆ ಇರುವುದು ಸೇಂಟ್ ಜಾನ್ಸ್ ವರ್ಟ್ ಎಂಬ ಹಳದಿ ಹೂವಿನ ಗಿಡಕ್ಕೆ. ವೈದ್ಯಕೀಯ ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2008ರ ವಿಮರ್ಶೆ 29 ಪ್ರಯೋಗಗಳನ್ನು ನೋಡಿ, ಇದು ಔಷಧವಿಲ್ಲದ ಹುಸಿಮಾತ್ರೆಗಿಂತ ಮೇಲು, ಖಿನ್ನತೆಯ ಮಾಮೂಲಿ ಮಾತ್ರೆಗಳಿಗೆ ಹೆಚ್ಚುಕಮ್ಮಿ ಸಮ ಎಂದಿತು.

ಆದರೆ ಸೊಪ್ಪು ತಾನೇ ಅಂತ ಸುಮ್ನೆ ನುಂಗಬೇಡಿ. ಇದು ಔಷಧಗಳನ್ನು ಒಡೆಯುವ ಲಿವರಿನ ಕಿಣ್ವಗಳನ್ನು ಚುರುಕು ಮಾಡುತ್ತದೆ. ಗರ್ಭನಿರೋಧಕ ಮಾತ್ರೆ, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಬೇಗ ಕರಗಿಹೋಗಿ ಕೆಲಸ ಮಾಡದಿರಬಹುದು. ಎಸ್ಸಿಟಾಲೋಪ್ರಾಮ್ ತರಹದ ಖಿನ್ನತೆಯ ಮಾತ್ರೆ ಜೊತೆಗಂತೂ ಬೇಡವೇ ಬೇಡ. ಸೆರೊಟೋನಿನ್ ಎಂಬ ಮಿದುಳಿನ ರಾಸಾಯನಿಕ ಮಿತಿಮೀರಿ ನಡುಕ, ಜ್ವರ, ಗೊಂದಲ ಬರಬಹುದು. ನನ್ನ ಅಕ್ಕನ ದಿಂಬಿನ ಪಕ್ಕ ಎರಡೂ ಡಬ್ಬಿ ಇದ್ದವು! ಎರಡನ್ನೂ ಚೀಲಕ್ಕೆ ಹಾಕಿಕೊಂಡೇ ನಿಮ್ಹಾನ್ಸ್‌ಗೆ ಕರೆದೊಯ್ದೆ.

ನೀವೂ ತಗೊಳ್ಳುವುದನ್ನೆಲ್ಲ ಡಾಕ್ಟರ ಮುಂದಿಡಿ. ಸಾಯುವ ಯೋಚನೆ ಬಂದರೆ ತಡಮಾಡದೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.