ರಿಕ್ರಿಯೇಷನ್ ಓದಬೇಕೆಂದಿರುವವರ ಪ್ರಶ್ನೆಗಳಿಗೆ ಉತ್ತರ

ಅಮೆರಿಕದಲ್ಲಿ ರಿಕ್ರಿಯೇಷನ್ ಡಿಗ್ರಿ (ಜನರ ಬಿಡುವಿನ ವೇಳೆಯ ಆಟ, ಚಟುವಟಿಕೆಗಳನ್ನು ನಡೆಸೋದನ್ನು ಕಲಿಸುವ ಓದು) ಮಾಡುವ ಬಗ್ಗೆ ಕೇಳಿದ್ದನ್ನೇ ಕೇಳುತ್ತಿದ್ದೀರಿ. ಜಾಸ್ತಿ ತಲೆ ತಿಂದ ಪ್ರಶ್ನೆ ಮೊದಲು.

ಪ್ರಶ್ನೆ: ಮೂರು ತಿಂಗಳ ಆನ್‌ಲೈನ್ ಕೋರ್ಸ್ ಮಾಡಿದರೆ ಅಲ್ಲಿ ರಿಕ್ರಿಯೇಷನ್ ಥೆರಪಿಸ್ಟ್ (ಆಟ, ಹವ್ಯಾಸಗಳ ಮೂಲಕ ರೋಗಿಗಳ ಚೇತರಿಕೆಗೆ ನೆರವಾಗುವವರು) ಆಗಬಹುದಂತೆ, ನಿಜವಾ? ಆಟ ಆಡಿಸೋಕೆ ನಾಲ್ಕು ವರ್ಷ ಯಾಕೆ ಓದಬೇಕು?

ಸುಳ್ಳು. ಹಾಗೆಂದವರಿಗೆ ಒಂದು ಪೈಸೆಯನ್ನೂ ಕೊಡಬೇಡಿ. ಅಲ್ಲಿ ಆಸ್ಪತ್ರೆಗಳು ಸಾಮಾನ್ಯವಾಗಿ ಕೇಳೋದು ಸಿಟಿಆರ್‌ಎಸ್ (ಸರ್ಟಿಫೈಡ್ ಥೆರಪ್ಯೂಟಿಕ್ ರಿಕ್ರಿಯೇಷನ್ ಸ್ಪೆಷಲಿಸ್ಟ್) ಅನ್ನುವ ಅರ್ಹತೆ. ಅದಕ್ಕೆ ಪದವಿ ಬೇಕೇ ಬೇಕು. ಥೆರಪ್ಯೂಟಿಕ್ ರಿಕ್ರಿಯೇಷನ್ ಓದಿ ಬರುವವರು ಆ ಅರ್ಹತೆ ಇರುವವರ ಕೈಕೆಳಗೆ ಕನಿಷ್ಠ 14 ವಾರ, 560 ಗಂಟೆ ಇಂಟರ್ನ್‌ಶಿಪ್ ಮಾಡಬೇಕು. ಆಮೇಲೆ ಪರೀಕ್ಷೆ. ಯೂಟಾ, ನಾರ್ತ್ ಕೆರೊಲಿನಾದಂಥ ಕೆಲವು ರಾಜ್ಯಗಳಲ್ಲಿ ಲೈಸೆನ್ಸೂ ಬೇಕು.

ಇನ್ನು ಆಟದ ಮಾತು. ಸ್ಟ್ರೋಕ್ ಆದ ಕೆಲವರಿಗೆ ಎಡಗಡೆ ಏನಿದೆ ಅನ್ನೋದೇ ಗಮನಕ್ಕೆ ಬರುವುದಿಲ್ಲ. ಕಣ್ಣು ಚೆನ್ನಾಗಿದ್ದರೂ ತಟ್ಟೆಯ ಎಡಭಾಗದ ಊಟ ಹಾಗೇ ಉಳಿಯುತ್ತದೆ. ಅಂಥವರ ಜೊತೆ ಇಸ್ಪೀಟ್ ಆಡುವಾಗ ಥೆರಪಿಸ್ಟ್ ಬೇಕಂತಲೇ ಎಲೆಗಳನ್ನು ಎಡಗಡೆ ಇಡುತ್ತಾರೆ. ಆಡಬೇಕೆಂದರೆ ಆ ಕಡೆ ತಲೆ ತಿರುಗಿಸಲೇಬೇಕು. ಎಷ್ಟು ಸಲ ತಾವಾಗಿ ತಿರುಗಿದರು, ಎಷ್ಟು ಸಲ ನೆನಪಿಸಬೇಕಾಯಿತು, ಎಲ್ಲ ಬರೆದಿಡುತ್ತಾರೆ. ಮುಂದಿನ ಸಲ ಎಲೆ ಎಲ್ಲಿಡಬೇಕು ಅನ್ನೋದು ಆ ಲೆಕ್ಕ ನೋಡಿಯೇ ತೀರ್ಮಾನ. ದೂರದಿಂದ ನೋಡಿದವರಿಗೆ ಮಾತ್ರ ಸುಮ್ನೆ ರಮ್ಮಿ ಆಡುತ್ತಿದ್ದಾರೆ! ಇದನ್ನು ವಿಡಿಯೊ ನೋಡಿ ಕಲಿಯೋಕಾಗಲ್ಲ.

ಒಂದು ಎಚ್ಚರಿಕೆ. ವೃದ್ಧಾಶ್ರಮದಲ್ಲಿ ಬಿಂಗೊ, ಹಾಡು ನಡೆಸುವ ಆಕ್ಟಿವಿಟಿ ಕೆಲಸವೂ ಒಳ್ಳೆಯದೇ, ಆದರೆ ಅದು ಥೆರಪಿಸ್ಟ್ ಹುದ್ದೆ ಅಲ್ಲ. ಎರಡನ್ನೂ ಒಂದೇ ಅಂತ ಮಾರುವ ಏಜೆಂಟರು ಇದ್ದಾರೆ. ಕಾಲೇಜು ಸೇರುವ ಮುಂಚೆ ಕೇಳಿ: ಇಂಟರ್ನ್‌ಶಿಪ್ ಎಲ್ಲಿ, ಮೇಲ್ವಿಚಾರಕರು ಯಾರು? ಉತ್ತರಕ್ಕೆ ತಡವರಿಸಿದರೆ ಬೇರೆ ಕಾಲೇಜು ನೋಡಿ. ನಾನಂತೂ ಕ್ಯಾಂಪಸ್ಸಿನ ಫೋಟೊ ನೋಡಿ ಯಾರಿಗೂ ಸೇರು ಅನ್ನಲ್ಲ.

ಪ್ರಶ್ನೆ: ನಾನು ಕ್ರೀಡೆಯಲ್ಲಿ ಅಷ್ಟಕ್ಕಷ್ಟೆ. ಪರವಾಗಿಲ್ವಾ?

ಪರವಾಗಿಲ್ಲ. ನಿಮ್ಮ ಕೆಲಸ ಆಡೋದಲ್ಲ, ಕಾರ್ಯಕ್ರಮ ನಡೆಸೋದು; ಅದಕ್ಕೆ ಬಜೆಟ್ ಹಾಕೋಕೆ ಬರದಿದ್ದರೆ ಮಾತ್ರ ಕಷ್ಟ.

ಪ್ರಶ್ನೆ: ಥೆರಪಿ ಬಿಟ್ಟು ಬೇರೆ ಕೆಲಸ?

ನಗರಗಳ ಪಾರ್ಕ್ ಇಲಾಖೆ, ವಿಶ್ವವಿದ್ಯಾಲಯದ ಜಿಮ್ಮು, ಬೇಸಿಗೆ ಶಿಬಿರ, ರೆಸಾರ್ಟ್, ಕ್ರೂಸ್ ಹಡಗು, ಸೇನಾ ನೆಲೆ. ಈಜುಕೊಳ ನೋಡಿಕೊಳ್ಳುವವರಿಗೆ ಕ್ಲೋರಿನ್ ಪ್ರಮಾಣದಿಂದ ಲೈಫ್‌ಗಾರ್ಡ್ ಪಾಳಿಯವರೆಗೆ ಎಲ್ಲವೂ ತಲೆ ಮೇಲೆ.

ಪ್ರಶ್ನೆ: ಶನಿವಾರ, ಭಾನುವಾರ ರಜೆ ಇರುತ್ತಲ್ವಾ?

ಬೇರೆಯವರಿಗೆ ರಜೆ ಇದ್ದಾಗಲೇ ನಿಮಗೆ ಕೆಲಸ. ಆಗಲ್ಲ ಅನ್ನೋರು ಅರ್ಜಿ ಹಾಕೋದೇ ಬೇಡ.