ದ್ರಾವಿಡರನ್ನು ಬಿಡಬೇಡಿ, ಮೊದಲು ಮ್ಯಾಪ್ ನೋಡಿ

ಪತ್ರದ ಸಾರ: ‘ಏಜ್ ಆಫ್ ಎಂಪೈರ್ಸ್ 2 ಡೆಫಿನಿಟಿವ್ ಎಡಿಷನ್ ಎಂಬ ಯುದ್ಧತಂತ್ರದ ಕಂಪ್ಯೂಟರ್ ಆಟ ಆಡಲು ಶುರು ಮಾಡಿ ಕೆಲವು ತಿಂಗಳಾಯಿತು. ನಮ್ಮ ಕಡೆಯವರು ಎಂಬ ಅಭಿಮಾನಕ್ಕೆ ಆಟದ ಸಿವಿಲೈಸೇಷನ್‌ಗಳಲ್ಲಿ (ಆಡಲು ಆರಿಸಿಕೊಳ್ಳುವ ಜನಾಂಗಗಳು) ಯಾವಾಗಲೂ ದ್ರಾವಿಡರನ್ನೇ ಆರಿಸುತ್ತೇನೆ. ಅರೇಬಿಯಾ ಮ್ಯಾಪಿನಲ್ಲಿ ಎದುರಾಳಿಯ ನೈಟ್‌ಗಳು (ಕುದುರೆ ಸವಾರರು) ನುಗ್ಗಿದರೆ ಅಲ್ಲಿಗೆ ಮುಗಿಯಿತು. ಫ್ರಾಂಕ್ಸ್ ತಗೋ ಎನ್ನುತ್ತಾರೆ ಗೆಳೆಯರು. ಇಷ್ಟದ ಸಿವಿಲೈಸೇಷನ್ ಆರಿಸಿಕೊಳ್ಳುವುದು ಹೇಗೆ?’ — ಓದುಗರೊಬ್ಬರು, ಹಾಸನ

ಸಂಪಾದಕರ ಉತ್ತರ:

ಅಭಿಮಾನದಿಂದ ಆರಿಸಿದ್ದು ತಪ್ಪಲ್ಲ. ಒಂದೇ ಸಿವಿಲೈಸೇಷನ್ ಹಿಡಿದು ನೂರಾರು ಪಂದ್ಯ ಆಡಬೇಕಾದರೆ ಅದರ ಮೇಲೆ ಪ್ರೀತಿ ಇರಲೇಬೇಕು. ಆದರೆ ಅರೇಬಿಯಾ ಕೇಳುವುದೇ ಒಂದು, ದ್ರಾವಿಡರ ಕೈಲಿರುವುದೇ ಇನ್ನೊಂದು. ನಿಮ್ಮ ಸೋಲುಗಳಲ್ಲಿ ಹೆಚ್ಚಿನವು ಅಲ್ಲಿಂದಲೇ ಬಂದಿವೆ.

ಟೆಕ್ ಟ್ರೀ (ಒಂದು ಸಿವಿಲೈಸೇಷನ್‌ಗೆ ಸಿಗುವ ಸೈನಿಕರು, ಅಪ್‌ಗ್ರೇಡ್‌ಗಳ ಪಟ್ಟಿ) ತೆರೆದಾಗ ಏನು ಇದೆ ಎಂದು ನೋಡುವುದಕ್ಕಿಂತ ಏನು ಇಲ್ಲ ಎಂದು ಮೊದಲು ನೋಡಿ. ದ್ರಾವಿಡರ ಸ್ಟೇಬಲ್‌ನಲ್ಲಿ ನೈಟ್ ಇಲ್ಲ. ಅರೇಬಿಯಾ ಬಯಲು ಮ್ಯಾಪ್, ಅಲ್ಲಿ ಗೆಲ್ಲುವುದು ವೇಗ. ನೈಟ್‌ನ ವೇಗ 1.35, ಸ್ಪಿಯರ್‌ಮನ್‌ನದು 1. ಈಟಿ ಹಿಡಿದ ಈ ಸ್ಪಿಯರ್‌ಮನ್‌ಗಳ ಮುಂದಿನ ಅಪ್‌ಗ್ರೇಡ್ ಆದ ಪೈಕ್‌ಮನ್‌ಗಳನ್ನು ಎದುರಿಗೆ ನಿಲ್ಲಿಸಿದರೆ ನೈಟ್‌ಗಳು ಅವರನ್ನು ಬಳಸಿಕೊಂಡು ಹೋಗಿ, ಮರ ಕಡಿಯುತ್ತಿರುವ ವಿಲೇಜರ್‌ಗಳನ್ನು ಕೊಂದು, ನೀವು ತಲುಪುವ ಮೊದಲೇ ಗೋಲ್ಡ್ ಮೈನ್‌ಗೆ ಹೋಗಿರುತ್ತವೆ. ಆದ್ದರಿಂದ ಪೈಕ್‌ಮನ್‌ಗಳನ್ನು ಒಂದೇ ಗುಂಪಾಗಿ ಓಡಿಸಬೇಡಿ. ಲಂಬರ್ ಕ್ಯಾಂಪ್ ಹತ್ತಿರ ಮೂವರು, ಗೋಲ್ಡ್ ಹತ್ತಿರ ಮೂವರು ನಿಂತಿರಲಿ. ಬ್ಯಾರಕ್ಸ್‌ನ ಟೆಕ್ನಾಲಜಿಗಳೆಲ್ಲ ದ್ರಾವಿಡರಿಗೆ ಅರ್ಧ ಬೆಲೆ, ಹಾಗಾಗಿ ಪೈಕ್‌ಮನ್ ಅಪ್‌ಗ್ರೇಡ್ ತಡಮಾಡಲು ಕಾರಣವೇ ಇಲ್ಲ. ತಲಾ 100 ಗೋಲ್ಡಿನ ಇಬ್ಬರು ಮಾಂಕ್‌ಗಳಿದ್ದರೆ ನೈಟ್‌ಗಳನ್ನೇ ನಿಮ್ಮ ಕಡೆಗೆ ಸೆಳೆದುಕೊಳ್ಳಬಹುದು.

ಇನ್ನು ವುಡ್ ವಿಚಾರ. ಹೊಸಬರಲ್ಲಿ ಹೆಚ್ಚಿನವರು ದ್ರಾವಿಡರ ಬೋನಸ್ಸನ್ನು ಹಾಳುಮಾಡಿಕೊಳ್ಳುವುದು ಇಲ್ಲೇ. ಪ್ರತಿ ಏಜ್ (ಡಾರ್ಕ್, ಫ್ಯೂಡಲ್, ಕ್ಯಾಸಲ್, ಇಂಪೀರಿಯಲ್ ಎಂಬ ಆಟದ ಹಂತ) ಏರಿದಾಗಲೂ ದ್ರಾವಿಡರಿಗೆ 200 ವುಡ್ ಪುಕ್ಕಟೆಯಾಗಿ ಸಿಗುತ್ತದೆ. ಫ್ಯೂಡಲ್‌ಗೆ ಕಾಲಿಟ್ಟ ಕ್ಷಣ 175ಕ್ಕೆ ಒಂದು ಆರ್ಚರಿ ರೇಂಜ್, 25ಕ್ಕೆ ಒಂದು ಮನೆ, ಅಲ್ಲಿಗೆ ಲೆಕ್ಕ ಸರಿಹೋಯಿತು. ಇಲ್ಲವೇ 60ರಂತೆ ಮೂರು ಫಾರ್ಮ್. ಬೇರೆ ಸಿವಿಲೈಸೇಷನ್‌ಗೆ ಬರೆದ ಬಿಲ್ಡ್ ಆರ್ಡರನ್ನೇ (ಯಾವಾಗ ಏನು ಮಾಡಬೇಕೆಂಬ ಕ್ರಮದ ಪಟ್ಟಿ) ಇಲ್ಲೂ ಅನುಸರಿಸಿ ಅಷ್ಟೇ ಜನರನ್ನು ಮರಕ್ಕೆ ಹಾಕಿದರೆ ಈ 200 ಸುಮ್ಮನೆ ಪರದೆಯ ಮೇಲಿನ ಪಟ್ಟಿಯಲ್ಲಿ ಬಿದ್ದಿರುತ್ತದೆ, ಕ್ಯಾಸಲ್ ಏಜ್‌ಗೆ ಬೇಕಾದ 800 ಫುಡ್ ಮಾತ್ರ ತಡವಾಗುತ್ತದೆ. ಫ್ಯೂಡಲ್ ಒತ್ತಿದ ಮೇಲೆ ಏಜ್ ಏರಲು 130 ಸೆಕೆಂಡ್ ಹಿಡಿಯುತ್ತದೆ. ಆ ಹೊತ್ತಿನಲ್ಲಿ ಇಬ್ಬರನ್ನು ಮರದಿಂದ ತೆಗೆದು ಫುಡ್‌ಗೋ ಗೋಲ್ಡ್‌ಗೋ ಹಾಕಿ. ಬೋನಸ್‌ನ ನಿಜವಾದ ಲಾಭ ಆಗ ಕಾಣುತ್ತದೆ.

ದ್ರಾವಿಡರ ದೊಡ್ಡ ಬಲ ತಡವಾಗಿ ಬರುತ್ತದೆ, ಇಂಪೀರಿಯಲ್ ಏಜ್‌ನಲ್ಲಿ. ವೂಟ್ಜ್ ಸ್ಟೀಲ್ ಸಂಶೋಧಿಸಿದ ಮೇಲೆ ಕಾಲಾಳು, ಕುದುರೆ ದಳಗಳ ಪೆಟ್ಟಿಗೆ ಎದುರಾಳಿಯ ಆರ್ಮರ್ ಲೆಕ್ಕಕ್ಕೇ ಬರುವುದಿಲ್ಲ. ಬ್ಲ್ಯಾಕ್‌ಸ್ಮಿತ್‌ನ ಮೂರೂ ಅಪ್‌ಗ್ರೇಡ್ ಸೇರಿ ಕತ್ತಿ ಹಿಡಿದ ಕಾಲಾಳು ಚಾಂಪಿಯನ್‌ನ ದಾಳಿ 17. ಫ್ರಾಂಕ್ಸ್‌ನ ಪ್ಯಾಲಡಿನ್‌ಗೆ (ನೈಟ್‌ನ ಕೊನೆಯ ಅಪ್‌ಗ್ರೇಡ್) 192 ಜೀವಬಲ, ಪೂರ್ತಿ ಆರ್ಮರ್ ಹಾಕಿದರೆ ಕೈಪೆಟ್ಟಿಗೆ 5 ರಕ್ಷಣೆ. ಬೇರೆಯವರ ಚಾಂಪಿಯನ್‌ನ ಪ್ರತಿ ಪೆಟ್ಟು 12 ಮಾತ್ರ, ಅಂದರೆ 16 ಪೆಟ್ಟು ಬೇಕು. ನಿಮ್ಮವನಿಗೆ 12 ಪೆಟ್ಟು ಸಾಕು. ವೂಟ್ಜ್ ಎಂದರೆ ಮೂಸೆಯಲ್ಲಿ ಮಾಡಿದ ಉಕ್ಕು, ಆ ಕಸುಬು ಮೈಸೂರು ಸೀಮೆಯಲ್ಲಿ ನಿಜಕ್ಕೂ ಇತ್ತು. 1800ರಲ್ಲಿ ಇಲ್ಲಿ ಸುತ್ತಾಡಿದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕನನ್ ಅದನ್ನು ಕಂಡು ವಿವರವಾಗಿ ಬರೆದಿಟ್ಟಿದ್ದಾನೆ. ನಿಮ್ಮ ಅಭಿಮಾನಕ್ಕೆ ಇದಕ್ಕಿಂತ ಗಟ್ಟಿ ಆಧಾರ ಬೇಕಿಲ್ಲ. ಉಳಿದಂತೆ 2022ರ ಡೈನಾಸ್ಟೀಸ್ ಆಫ್ ಇಂಡಿಯಾ ಎಂಬ ಆಟದ ವಿಸ್ತರಣೆಯಲ್ಲಿ ಬಂದ ಈ ದ್ರಾವಿಡರು ಇಡೀ ದಕ್ಷಿಣದ ಕಲಸುಮೇಲೋಗರ: ಸೈನಿಕರು ಆಡುವುದು ತಮಿಳು, ಕ್ಯಾಂಪೇನ್ (ಕಥೆಯಾಗಿ ಆಡುವ ಪಂದ್ಯಗಳು) ರಾಜೇಂದ್ರ ಚೋಳನದು, ಸೈನಿಕರ ಬಳುಕುವ ಕತ್ತಿ ಉರುಮಿ ಕೇರಳದ ಕಳರಿ ಯುದ್ಧಕಲೆಯದು.

ಹಾಗಾದರೆ ಫ್ರಾಂಕ್ಸ್? ಗೆಳೆಯರ ಮಾತಿನಲ್ಲಿ ಹುರುಳಿದೆ. ಮಿಲ್ ಕಟ್ಟಿದ್ದರೆ ಫಾರ್ಮ್ ಅಪ್‌ಗ್ರೇಡ್‌ಗಳು ತಾವಾಗಿಯೇ ಬರುತ್ತವೆ. ಉಳಿದವರು 75 ಫುಡ್, 75 ವುಡ್ ಕೊಟ್ಟು ಪಡೆಯುವ ಹಾರ್ಸ್ ಕಾಲರ್ ಇವರಿಗೆ ಉಚಿತ. ಕುದುರೆ ದಳಕ್ಕೆ ಫ್ಯೂಡಲ್‌ನಿಂದಲೇ 20% ಹೆಚ್ಚು ಜೀವಬಲ. ಹಣ್ಣಿನ ಪೊದೆಯಿಂದ ಫುಡ್ ಬೇಗ ಬರುತ್ತದೆ, ಆದ್ದರಿಂದ ಮಿಲ್ ಬೇಗ ಕಟ್ಟಿ ನಾಲ್ವರನ್ನು ಅಲ್ಲಿಗೆ ಹಾಕಬಹುದು. ಯೋಚಿಸಬೇಕಾದ ವಿಷಯ ಕಡಿಮೆ, ಹಾಗಾಗಿ ಟೌನ್ ಸೆಂಟರ್ ಸುಮ್ಮನಿರದಂತೆ ನೋಡಿಕೊಳ್ಳಲು ಪುರುಸೊತ್ತು ಸಿಗುತ್ತದೆ. ಅದು 25 ಸೆಕೆಂಡ್ ಸುಮ್ಮನಿದ್ದರೆ ಒಬ್ಬ ವಿಲೇಜರ್ ನಷ್ಟ, ಯಾವ ಬೋನಸ್ಸೂ ಅದನ್ನು ತುಂಬಿಕೊಡದು. ಎದುರಾಳಿ ಪೈಕ್‌ಮನ್, ಒಂಟೆಗಳನ್ನು ತುಂಬಿಕೊಂಡರೆ ಫ್ರಾಂಕ್ಸ್‌ಗೂ ಕಷ್ಟವೇ. ಬಿಲ್ಲಾಳುಗಳ ಕೊನೆಯ ಅಪ್‌ಗ್ರೇಡ್ ಆದ ಅರ್ಬಲೆಸ್ಟರ್ ಇಲ್ಲದ ಕಾರಣ ಬಿಲ್ಲಿನ ಕಡೆ ವಾಲುವಂತಿಲ್ಲ.

ನಾನು ಹೇಳುವುದು ಇಷ್ಟು: ಅರೇಬಿಯಾದಲ್ಲಿ ಹದಿನೈದು ಇಪ್ಪತ್ತು ಪಂದ್ಯ ಫ್ರಾಂಕ್ಸ್ ಆಡಿ ಕೈ ಪಳಗಿಸಿಕೊಳ್ಳಿ. ನೈಟ್ ಎಲ್ಲಿ ನುಗ್ಗುತ್ತದೆ, ಯಾವುದಕ್ಕೆ ಹೆದರುತ್ತದೆ ಎಂಬುದು ನೈಟ್ ಓಡಿಸಿದವರಿಗೇ ಚೆನ್ನಾಗಿ ತಿಳಿಯುವುದು. ದ್ರಾವಿಡರನ್ನು ಅದೇ ವೇಳೆ ಐಲ್ಯಾಂಡ್ಸ್‌ನಂಥ ನೀರಿನ ಮ್ಯಾಪ್‌ಗಳಲ್ಲಿ ಆಡಿ. ಅಲ್ಲಿ ನೈಟ್ ನಿಮ್ಮ ಮನೆ ಬಾಗಿಲಿಗೆ ಓಡಿಬರಲಾರದು. ಮೀನುಗಾರರು 15 ಹೆಚ್ಚು ಹೊರುವುದರಿಂದ ದೂರದ ಮೀನಿಗೂ ದೋಣಿ ಕಳಿಸಬಹುದು. ಪ್ರತಿ ಡಾಕ್ ಐದು ಜನರಿಗೆ ಜಾಗ ಕೊಡುತ್ತದೆ, ಒಂದು ಮನೆಯ ಖರ್ಚು ಉಳಿಯಿತು. ಏಜ್ ಏರಿದಾಗಿನ 200 ವುಡ್ ನೇರ ಹಡಗುಗಳಿಗೆ ಹೋಗುತ್ತದೆ. ಸಮುದ್ರ ಕೈಗೆ ಬಂದ ಮೇಲೆ ಕಾಲಾಳುಗಳನ್ನು ಟ್ರಾನ್ಸ್‌ಪೋರ್ಟ್ ಹಡಗಿನಲ್ಲಿ ದಾಟಿಸಿ ಜೊತೆಗೆ ಆರ್ಮರ್ಡ್ ಎಲಿಫೆಂಟ್ ಒಯ್ಯಿರಿ. ಕಟ್ಟಡ ಒಡೆಯಲು ಬೇರೆಯವರ ರ‍್ಯಾಮ್ ಇರುವ ಜಾಗದಲ್ಲಿ ದ್ರಾವಿಡರಿಗಿರುವುದು ಈ ಆನೆ. ಎದುರಾಳಿಯ ಮಾಂಕ್‌ಗಳಿಂದ ಮಾತ್ರ ಅದನ್ನು ಕಾಪಾಡಿಕೊಳ್ಳಿ. ರ‍್ಯಾಮ್‌ನಂತೆ ಅಲ್ಲ, ಆನೆಯನ್ನು ದೂರದಿಂದಲೇ ಒಲಿಸಿಕೊಂಡುಬಿಡುತ್ತಾರೆ.

ಅಪ್‌ಡೇಟ್ ಬಂದಾಗಲೆಲ್ಲ ಬೋನಸ್ ಸಂಖ್ಯೆಗಳು ಬದಲಾಗುವುದುಂಟು. ಪಂದ್ಯಕ್ಕೆ ಮುನ್ನ ಆಟದೊಳಗಿನ ಟೆಕ್ ಟ್ರೀಯಲ್ಲಿ ಒಮ್ಮೆ ನೋಡಿಕೊಳ್ಳಿ. ಸೋತ ಪಂದ್ಯಗಳ ರೆಕಾರ್ಡಿಂಗ್ ಉಳಿದಿದ್ದರೆ ತೆರೆದು, ಫ್ಯೂಡಲ್ ತಲುಪಿದ ಹೊತ್ತಿನಲ್ಲಿ ನಿಮ್ಮಲ್ಲಿ ಎಷ್ಟು ವುಡ್ ಖರ್ಚಾಗದೆ ಉಳಿದಿತ್ತು ಎಂದು ಪರೀಕ್ಷಿಸಿ.

— ಸಂ.