ಜಾಮೀನು ಹಾಕಿದವರನ್ನೇ ಮೊದಲು ಕೇಳಬಹುದೇ?

ಪ್ರಶ್ನೆ: ನನ್ನ ಭಾವಮೈದುನ ಮನೆಯ ಕ್ರಯಪತ್ರವನ್ನು ಬ್ಯಾಂಕಿಗೆ ಒಪ್ಪಿಸಿ ಸಾಲ ಪಡೆದಿದ್ದು, ಅದಕ್ಕೆ ನಾನು ಜಾಮೀನು ಹಾಕಿದ್ದೇನೆ. ಕಂತು ನಿಂತಿರುವುದರಿಂದ ನನಗೆ ನೋಟಿಸ್ ಬಂದಿದೆ. ಮೊದಲು ಆ ಮನೆಯನ್ನು ಹರಾಜು ಹಾಕಬೇಕಲ್ಲವೇ?
– ಓದುಗರೊಬ್ಬರು, ಹಾಸನ

ಉತ್ತರ: ಹಾಗೆಂದು ಕಾನೂನು ಹೇಳುವುದಿಲ್ಲ. ಈ ಒಂದೇ ಸಾಲಕ್ಕೆ ಎರಡು ಬಗೆಯ ಭದ್ರತೆಗಳಿವೆ: ಕ್ರಯಪತ್ರ ಒಪ್ಪಿಸಿ ಮಾಡಿದ ಅಡಮಾನವು ಮನೆಯ ಮೇಲೆ ಬ್ಯಾಂಕಿಗೆ ಹಕ್ಕು ಕೊಡುತ್ತದೆ, ಜಾಮೀನು ನಿಮ್ಮ ಮೇಲೆಯೇ ಹೊಣೆ ಹೊರಿಸುತ್ತದೆ. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಕಲಮಿನಂತೆ, ಪತ್ರದಲ್ಲಿ ಬೇರೆ ಷರತ್ತು ಇಲ್ಲದಿದ್ದರೆ, ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ಆಗಿರುತ್ತದೆ. ಸಾಲಗಾರನಿಂದ ವಸೂಲಿ ಮುಗಿಯುವವರೆಗೆ ಬ್ಯಾಂಕ್ ಕಾಯಬೇಕೆಂದರೆ ಜಾಮೀನಿನ ಉದ್ದೇಶವೇ ವಿಫಲವಾಗುತ್ತದೆ ಎಂದು ಸುಪ್ರೀಂ ಕೋರ್ಟ್ ಬ್ಯಾಂಕ್ ಆಫ್ ಬಿಹಾರ್ ವಿರುದ್ಧ ದಾಮೋದರ ಪ್ರಸಾದ್ ಪ್ರಕರಣದಲ್ಲಿ 1968ರಲ್ಲೇ ಹೇಳಿದೆ. ನೆಂಟಸ್ತಿಕೆಯ ದಾಕ್ಷಿಣ್ಯಕ್ಕೆ ಸಹಿ ಹಾಕುವವರಿಗೆ ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ.

ಆದರೆ ನೀವು ಪೂರ್ತಿ ಹಣ ತೀರಿಸಿದರೆ, 140 ಮತ್ತು 141ನೇ ಕಲಮುಗಳ ಪ್ರಕಾರ ಆ ಅಡಮಾನದ ಮೇಲೆ ಬ್ಯಾಂಕಿಗಿದ್ದ ಹಕ್ಕು ನಿಮಗೆ ಸಲ್ಲುತ್ತದೆ. ಕಟ್ಟಿದ ಹಣವನ್ನು ಭಾವಮೈದುನನಿಂದ ವಸೂಲು ಮಾಡುವ ಹಕ್ಕು 145ನೇ ಕಲಮಿನಲ್ಲಿದೆ. ನಿಮ್ಮ ಒಪ್ಪಿಗೆಯಿಲ್ಲದೆ ಬ್ಯಾಂಕ್ ಆ ಕ್ರಯಪತ್ರವನ್ನು ಹಿಂದಿರುಗಿಸಿ ಅಡಮಾನವನ್ನು ಬಿಟ್ಟುಕೊಟ್ಟಿದ್ದರೆ, ಅದರ ಮೌಲ್ಯದಷ್ಟು ನಿಮ್ಮ ಹೊಣೆ ಕಡಿಮೆಯಾಗುತ್ತದೆ. ಆದರೆ ಬ್ಯಾಂಕುಗಳ ಅಚ್ಚಾದ ಜಾಮೀನು ಪತ್ರಗಳಲ್ಲಿ ಈ ರಕ್ಷಣೆಯನ್ನು ಬಿಟ್ಟುಕೊಡುವ ಷರತ್ತು ಅನೇಕ ಬಾರಿ ಸೇರಿರುತ್ತದೆ. ಆದ್ದರಿಂದ ನೋಟಿಸಿಗೆ ಉತ್ತರಿಸುವ ಮೊದಲು ನೀವು ಸಹಿ ಮಾಡಿದ ಪತ್ರದ ಪ್ರತಿಯನ್ನು ಪಡೆದು ವಕೀಲರಿಗೆ ತೋರಿಸಿ.